ಒಂದೇ ಬಾಸು, ಕ್ಲೀನೂ ಬೇಕು, ಡಿಸ್ಟಾರ್ಷನ್ನೂ ಬೇಕು: ರಿಗ್ (ಸಾಮಾನಿನ ಸೆಟ್) ಹೆಂಗೆ ಕಟ್ಟೋದು? (25 ಸಾವಿರದೊಳಗೆ)

ನಾಲ್ಕುತಂತಿ (ಕೌಲ್ ಬಜಾರ್, ಬಳ್ಳಾರಿ)

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತಿದೀನಿ, ಬೈಬೇಡ್ರಿ.

ಹಗಲು ಜೀನ್ಸ್ ಹೊಲಿಯೋ ಯೂನಿಟ್‌ನಾಗೆ ಲೆಕ್ಕ ಬರೀತೀನಿ, ರಾತ್ರಿ ಬಾಸ್ ಗಿಟಾರ್ ನುಡಿಸ್ತೀನಿ. ಮದುವೆ ಸೀಸನ್‌ನಾಗೆ ಆರ್ಕೆಸ್ಟ್ರಾ. ಅಲ್ಲಿ ಹಳೇ ಸಿನಿಮಾ ಹಾಡು, ಬಾಸ್ ದುಂಡಗೆ, ಕ್ಲೀನಾಗಿ ಇರಬೇಕು. ಅದು ಬಿಟ್ರೆ ನಮ್ಮ ನಾಲ್ಕು ಜನರ ಮೆಟಲ್ ಬ್ಯಾಂಡ್ ಒಂದೈತೆ. ಗಿಟಾರ್ ಒಬ್ಬನೇ. ಅವನು ಸೋಲೋಗೆ ಹೋದ ಕೂಡ್ಲೆ ಹಿಂದೆ ಮನೆ ಖಾಲಿ ಮಾಡಿದಂಗೆ ಆಗುತ್ತೆ. ಆ ಜಾಗ ನಾನು ತುಂಬಬೇಕು.

ಇರೋ ಸಾಮಾನು: ಜಾಝ್ ಬಾಸ್ ನಕಲು ಒಂದು, ಬ್ಯಾಟರಿ ಇಲ್ಲದ ಪ್ಯಾಸಿವ್. ಮನೇಲಿ ಅಭ್ಯಾಸಕ್ಕೆ 30 ವ್ಯಾಟ್ ಆಂಪ್. ಗೆಳೆಯ ಕೊಟ್ಟ ಗಿಟಾರ್ ಡಿಸ್ಟಾರ್ಷನ್ ಪೆಡಲ್, ದನಿ ಹರಕು ಮಾಡೋದು. ಆ ಪೆಡಲ್ ಒತ್ತಿದ್ರೆ ದನಿ ಹರಿತ ಆಗುತ್ತೆ, ಆದ್ರೆ ಹೊಟ್ಟೆಯೇ, ಅಂದ್ರೆ ಕೆಳಗಿನ ದಪ್ಪ ದನಿಯೇ ಮಾಯ. ಜೇನುಹುಳ ಡಬ್ಬಿಯಾಗೆ ಸಿಕ್ಕಂಗೆ ಬರೀ ಝುಂಯ್.

ಹೋದ ತಿಂಗಳು ಒಂದು ಕಾರ್ಯಕ್ರಮದಾಗೆ ಹೊಟ್ಟೆ ಬರಲಿ ಅಂತ ಮೈಕ್ ಸೆಟ್‌ನವನಿಗೆ ಹೇಳಿ ಬಾಸ್ ಪೂರ್ತಿ ಏರಿಸ್ದೆ. ಎರಡನೇ ಹಾಡಿಗೆ ಸ್ಪೀಕರ್‌ನಿಂದ ಸುಟ್ಟ ವಾಸನೆ. ಕಾಯಿಲ್ ಹೋಯ್ತು, ಅರ್ಧ ದುಡ್ಡು ನಾನು ಕಟ್ಟಿದೆ. ಈಗ ಕೈಯಾಗೆ 25 ಸಾವಿರ ಐತೆ. ದೊಡ್ಡ ಆಂಪ್ ತಗೊಳ್ಳಲಾ, ಪೆಡಲ್ ತಗೊಳ್ಳಲಾ?

ಗಂಗಾವತಿ ಬಾಸಕ್ಕ (ಗಂಗಾವತಿ)

ತಮ್ಮಾ, ಆಂಪ್ ಆಮ್ಯಾಲೆ. ಮೊದ್ಲು ಹೊಟ್ಟಿ ಯಾಕ ಮಾಯ ಆಗ್ತೈತಿ ಅದನ್ನ ತಿಳ್ಕೊ.

ಗಿಟಾರಿನ ದಪ್ಪ ತಂತಿ ಸುಮಾರು 82 ಹರ್ಟ್ಸ್. ನಿನ್ನ ಇ ತಂತಿ ಅದರ ಅರ್ಧ, 41. ಗಿಟಾರ್ ಪೆಡಲ್ ಮಾಡಿದವರು 41ರ ಕಾಳಜಿ ಯಾಕ ಮಾಡ್ತಾರ? ಕೆಳಗಿನ ದನಿ ಡಿಸ್ಟಾರ್ಷನ್‌ನಾಗ ಹೋದ್ರ ಗಿಟಾರ್ ರಾಡಿ ಆಗ್ತೈತಿ ಅಂತ ಬೇಕಂತಲೇ ಅದನ್ನ ಹಿಂದಕ್ಕ ಸರಿಸ್ತಾರ. ಇನ್ನೊಂದು, ದನಿಯ ತಲಿ ಕತ್ತರಿಸಿದಾಗ ಮ್ಯಾಲಿನ ಹಾರ್ಮೋನಿಕ್ಸ್ (ಮೂಲ ಸ್ವರದ ಎರಡು ಪಟ್ಟು, ಮೂರು ಪಟ್ಟು ಎತ್ತರದ ದನಿ) ಹುಟ್ಟತಾವ, ಕಿವಿ ಅತ್ಲಾಗೇ ಓಡ್ತೈತಿ. ಮೀಟಿದ ಪೆಟ್ಟು, ಮೆತ್ತಗಿನ ಸ್ವರ, ಎಲ್ಲಾ ಒಂದೇ ಎತ್ತರಕ್ಕ ಬಂದು ನಿಂದರ್ತಾವ.

ಅದಕ್ಕ ಬಾಸ್‌ನವರು ಪೂರ್ತಿ ಡಿಸ್ಟಾರ್ಷನ್ ಹಾಕಂಗಿಲ್ಲ. ಕ್ಲೀನ್ ದನಿ ಹಂಗೇ ಬಿಟ್ಟು ಅದರ ಪಕ್ಕಕ್ಕ ಹರಕು ದನಿ ಬೆರಸ್ತಾರ. ಡೊಳ್ಳು ಮತ್ತ ಹಲಿಗಿ ಒಟ್ಟಿಗೆ ಬಡಿದಂಗ. ಡೊಳ್ಳಿನ ಕೆಲಸ ಹಲಿಗಿಗೆ ಕೊಟ್ರ ಮೆರವಣಿಗಿ ನಡೀತೈತೇನು?

ಅಮೆರಿಕದ ರಾಕ್ ಬಾಸಿಸ್ಟ್ ಬಿಲ್ಲಿ ಶೀಹನ್ ಗೊತ್ತಲ್ಲ? ಅವರ ಬಾಸಿಗೆ ಎರಡು ಔಟ್‌ಪುಟ್. ಕುತ್ತಿಗಿ ಕಡೆ ಪಿಕಪ್ ಒಂದು ದಾರಿ, ಇನ್ನೊಂದು ಪಿಕಪ್ ಬೇರೆ ದಾರಿ. ಕೆಳಗಿಂದು ಕೆಳಗ, ಹರಕಿದ್ದು ಮ್ಯಾಲ. ನಮಗ ಅಷ್ಟು ಬ್ಯಾಡ. "ಬ್ಲೆಂಡ್" ಅಂತ ಗುಂಡಿ ಇರೋ ಬಾಸ್ ಪೆಡಲ್ ನೋಡು. ಬಾಸ್ ಕಂಪನಿಯ ಒಡಿಬಿ-3ಯಾಗ ಅದಕ್ಕ "ಬ್ಯಾಲೆನ್ಸ್" ಅಂತಾರ. ಟೆಕ್ 21 ಅವರ ಸ್ಯಾನ್ಸ್‌ಆಂಪ್ ಬಾಸ್ ಡ್ರೈವರ್‌ನಾಗ ಬ್ಲೆಂಡೂ ಐತಿ, ಡಿಐ ಔಟೂ (ಮಿಕ್ಸರಿಗೆ ನೇರ ಲೈನ್ ಕಳಸೋ ಜಾಗ) ಐತಿ. ಅದರದ್ದೇ ದಾರಿ ಹಿಡಿದ ಅಗ್ಗದ್ದು ಬೆಹ್ರಿಂಗರ್ ಬಿಡಿಐ21. ಪ್ಲಾಸ್ಟಿಕ್ ಡಬ್ಬಿ, ಮ್ಯಾಲ ನಿಂದರಬ್ಯಾಡ ಅಷ್ಟ.

ಗವಿಮಠ ಡ್ರಮ್ಸ್ (ಕೊಪ್ಪಳ)

ಬಾಸ್ ಕಂಪನಿಯ ಬಾಸ್ ಪೆಡಲ್, ಬಾಸ್‌ನವರ ಬಾಸಿಗೆ. ಅಕ್ಕಾ, ಓದೋದ್ರಾಗ ನಾಲಿಗಿ ತಿರುಚಿತು.

ಸೌಂಡಣ್ಣ (ಸಿರುಗುಪ್ಪ)

ಮೈಕ್ ಸೆಟ್ ಇಟ್ಟೋನಾಗಿ ಒಂದು ಮಾತು. ನಿಮ್ಮ ಕಡೆ ಸುಟ್ಟಿದ್ದು ನನ್ನ ಸ್ಪೀಕರ್ ಅಲ್ಲ, ಆದ್ರೂ ಹೊಟ್ಟೆ ಉರೀತೈತೆ.

ಕ್ಲೀನ್ ದನಿ ಅಲೆ ಅಲೆಯಾಗಿ ಏರಿ ಇಳೀತೈತೆ. ಪೂರ್ತಿ ಡಿಸ್ಟಾರ್ಷನ್ ಕೊಟ್ರೆ ಅದೇ ಅಲೆ ಚೌಕ ಆಗ್ತೈತೆ. ಎತ್ತರ ಅಷ್ಟೇ ಇದ್ರೂ ಚೌಕದ ಅಲೆ ಸ್ಪೀಕರಿಗೆ ತಳ್ಳೋ ಪವರ್ ಎರಡು ಪಟ್ಟು. ನಡುವೆ ಉಸಿರಾಡೋಕೆ ಬಿಡುವು ಇಲ್ಲ, ಕಾಯಿಲ್ ಕಾದು ಹೋಗ್ತೈತೆ. ಅದ್ರ ಮೇಲೆ ನೀವು ಬಾಸ್ ಗುಂಡಿ ತಿರುವಿದ್ರಿ. ಪೆಡಲ್ ಕಳೆದಿದ್ದನ್ನ ಮಿಕ್ಸರ್‌ನಾಗೆ ಹುಡುಕಿದ್ರೆ ಸಿಗಲ್ಲ, ಸಿಗೋದು ಬಿಲ್ಲು.

ದೊಡ್ಡ ಆಂಪ್ ಹೊತ್ಕೊಂಡು ಬರಬೇಡ್ರಿ ದಯವಿಟ್ಟು. ಆಂಪೆಗ್ ಎಸ್‌ವಿಟಿ ಅಂತ 300 ವ್ಯಾಟ್ ವಾಲ್ವ್ ಆಂಪ್, 1969ರಾಗೆ ಬಂದಿದ್ದು, ಕೆಳಗೆ ಹತ್ತಿಂಚಿನ ಎಂಟು ಸ್ಪೀಕರ್. ಆಗಿನ ಮೈಕ್ ಸೆಟ್‌ಗೆ ಬಾಸ್ ಹೊರೋ ಶಕ್ತಿ ಇರಲಿಲ್ಲ, ಹಂಗಾಗಿ ಬೇಕಿತ್ತು. ಈಗ ನಮ್ಮತ್ರ 18 ಇಂಚಿನ ಬಿನ್ (ಕೆಳಗಿನ ದನಿಗಂತಲೇ ಇರೋ ಸ್ಪೀಕರ್ ಪೆಟ್ಟಿಗೆ) ಐತೆ. ನಂಗೆ ಒಂದು ಸ್ವಚ್ಛ ಡಿಐ ಲೈನ್ ಕೊಡ್ರಿ ಸಾಕು. ಬ್ಯಾಲೆನ್ಸ್ಡ್ ವೈರ್‌ನಾಗೆ ಸ್ಟೇಜ್‌ನಿಂದ ಮಿಕ್ಸರ್‌ಗೆ 30 ಮೀಟರ್ ಬಂದ್ರೂ ಗೊರಗೊರ ಇರಲ್ಲ. ಆಕ್ಟಿವ್ ಡಿಐ ಆದ್ರೆ ಮೊದ್ಲೇ ಹೇಳ್ರಿ, ಮಿಕ್ಸರ್‌ನಿಂದ ಅದೇ ವೈರ್‌ನಾಗೆ ಹೋಗೋ 48 ವೋಲ್ಟ್ ಫ್ಯಾಂಟಮ್ ಕರೆಂಟ್ ಆನ್ ಮಾಡ್ಬೇಕು. ಕಾರ್ಯಕ್ರಮ ಶುರುವಾದ ಮೇಲೆ ಹೇಳಿದ್ರೆ ಢಂ ಅಂತ ಸದ್ದು ಬಂದು ಮುಂದಿನ ಸಾಲಿನ ಅಜ್ಜಂದಿರು ಎದ್ದು ಕೂರ್ತಾರೆ.

ಶಿಫ್ಟ್ ಬಿ (ತೋರಣಗಲ್ಲು)

ಇಷ್ಟೆಲ್ಲಾ ಯಾಕೆ? ಒಂದು ಮಲ್ಟಿ ಇಫೆಕ್ಟ್ಸ್ ತಗೊಳ್ಳಿ, ಮುಗೀತು. ಕಂಪ್ರೆಸರ್ (ಸದ್ದಿನ ಏರಿಳಿತ ಸಮ ಮಾಡೋದು), ಡ್ರೈವ್ (ಡಿಸ್ಟಾರ್ಷನ್), ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆಯ ನಕಲು) ಎಲ್ಲಾ ಒಳಗೇ ಇರುತ್ತೆ. ಬಾಸ್‌ಗೆಂದೇ ಮಾಡಿದ್ದರಲ್ಲಿ ಡ್ರೈ (ಕ್ಲೀನ್ ದನಿ) ಬೆರೆಸೋ ಗುಂಡಿಯೂ ಸಿಗುತ್ತೆ. ನಾನು ಗಿಟಾರ್‌ಗೆ ಲೈನ್ 6 ಎಚ್‌ಎಕ್ಸ್ ಸ್ಟಾಂಪ್ ಇಟ್ಟಿದೀನಿ, ಒಂದೇ ಡಬ್ಬಿಯೊಳಗೆ ಎರಡು ದಾರಿ ಮಾಡಬಹುದು. ಅದು ನಿಮ್ಮ ಬಜೆಟ್‌ಗೆ ಬರಲ್ಲ, ಚಿಕ್ಕದು ನೋಡಿ.

ಬೆಸುಗೆ ಮಾಮ (ತೀನ್ ಕಂದೀಲ್, ರಾಯಚೂರು)

ಶಿಫ್ಟ್ ಬಿ ಹೇಳಿದ್ರಾಗ ತಪ್ಪೇನಿಲ್ಲ. ನಾ ಮಾತ್ರ ಬ್ಯಾರೆ ಹೇಳ್ತೀನಿ, ಯಾಕಂದ್ರ ನನ್ನ ಬೆಂಚಿಗೆ ಬರೋವು ಅವೇ ಡಬ್ಬಿ. ಏಪ್ರಿಲ್-ಮೇ ಬಿಸಲಾಗ ನಮ್ಮ ರಾಯಚೂರಾಗ ತಗಡಿನ ಸ್ಟೇಜ್ ಮ್ಯಾಲ ಇಟ್ಟಿರ್ತಾರ, ಸ್ಕ್ರೀನ್ ಕಪ್ಪಾಗಿ ಕುಂತ್ಬಿಡ್ತದ. ಕಾರ್ಯಕ್ರಮದ ನಡುವ ಒಂದು ಸಾದಾ ಪೆಡಲ್ ಸತ್ರ ಅದನ್ನ ದಾಟಿಸಿ ವೈರ್ ಹಾಕಿ ನುಡಸ್ಬಹುದು. ಆ ಒಂದೇ ಡಬ್ಬಿ ಸತ್ರ ಚಾ ಕುಡಿಯೋದೇ.

ನಾಲ್ಕುತಂತಿ ತಮ್ಮಾ, ನಿನ್ನ ಗಿಟಾರ್ ಪೆಡಲ್ ಎಸಿಬ್ಯಾಡ. ಅದನ್ನೇ ಉಪಯೋಗ ಮಾಡೋಣ. ಬೇಕಾಗಿರೋದು ಎರಡು ದಾರಿ.

ಬಾಸ್‌ನಿಂದ ಬಂದ ದನಿ ಮೊದ್ಲು ಬಫರ್‌ಗೆ (ದನಿ ಬಲ ಕಳಕೊಳ್ಳದಂಗ ಮುಂದ ದಾಟಿಸೋ ಸರ್ಕ್ಯೂಟು) ಹೋಗ್ಲಿ. ಪ್ಯಾಸಿವ್ ಪಿಕಪ್ ಅಂದ್ರ ಮುಂದ 1 ಮೆಗಾಓಮ್ ಇನ್‌ಪುಟ್ ಕಾಣಬೇಕು, ಇಲ್ಲಂದ್ರ ದನಿ ಮಂಕಾಗ್ತದ. ಉದ್ದ ವೈರೂ ಹಂಗೇ, ವೈರಿನ ಕೆಪಾಸಿಟನ್ಸು ಮ್ಯಾಲಿನ ದನಿ ತಿಂತದ. ಬಫರ್ ದಾಟಿದ ಮ್ಯಾಲ ಎರಡು ಕವಲು.

ಒಂದು ಕವಲಿಗೆ ಏನೂ ಇಲ್ಲ. ಬರೀ ವೈರು.

ಇನ್ನೊಂದು ಕವಲಿಗೆ ಡಿಸ್ಟಾರ್ಷನ್‌ಗಿಂತ ಮೊದ್ಲು 0.047 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೀರೀಸ್‌ನಾಗ, ಅಲ್ಲಿಂದ ನೆಲಕ್ಕ (ಸರ್ಕ್ಯೂಟಿನ ಗ್ರೌಂಡಿಗೆ) 10ಕೆ, ಅಂದ್ರ 10 ಕಿಲೋಓಮ್ ರೆಸಿಸ್ಟರ್. ಸುಮಾರು 340 ಹರ್ಟ್ಸ್‌ನಿಂದ ಕೆಳಗಿಂದು ಮೆಲ್ಲಗ ಇಳೀತದ, ರಾಡಿ ಆಗೋ ಮಾಲು ಡಿಸ್ಟಾರ್ಷನ್ ಒಳಗ ಹೋಗೋದೇ ಇಲ್ಲ. ಡಿಸ್ಟಾರ್ಷನ್ ಆದಮ್ಯಾಲ 10ಕೆ ಸೀರೀಸ್, 3.9 ನ್ಯಾನೊಫ್ಯಾರಡ್ ನೆಲಕ್ಕ, ಅದು ಸುಮಾರು 4 ಕಿಲೋಹರ್ಟ್ಸ್. ಗಿಟಾರ್ ಆಂಪಿನ 12 ಇಂಚಿನ ಸ್ಪೀಕರ್ 5 ಕಿಲೋಹರ್ಟ್ಸ್ ದಾಟಿದ್ರ ತಾನೇ ಸುಮ್ಮನಾಗ್ತದ. ಮೈಕ್ ಸೆಟ್ ಹಾರ್ನ್ ಸುಮ್ಮನಾಗಂಗಿಲ್ಲ, ಅದಕ್ಕೇ ನೀ ಹೇಳಿದ ಜೇನುಹುಳ. ಈ ಸಣ್ಣ ಫಿಲ್ಟರ್ ಹುಳಾನ ಪೂರ್ತಿ ಕೊಲ್ಲಂಗಿಲ್ಲ, ರೆಕ್ಕಿ ಕತ್ತರಸ್ತದ.

ಅಕ್ಕ "ಬೇಕಂತಲೇ ಸರಿಸ್ತಾರ" ಅಂದ್ರಲ್ಲ, ಅದಕ್ಕ ಉದಾಹರಣಿ ಹಸಿರು ಬಣ್ಣದ ಟ್ಯೂಬ್ ಸ್ಕ್ರೀಮರ್ ಅನ್ನೋ ಗಿಟಾರ್ ಪೆಡಲ್. ಒಳಗ 4.7ಕೆ, 0.047 ಮೈಕ್ರೋ. ಲೆಕ್ಕ ಹಾಕು, 720 ಹರ್ಟ್ಸ್ ಬರ್ತದ. ಅಲ್ಲಿಂದ ಕೆಳಗಿನ ದನಿ ಅದು ಕೊಲ್ಲಂಗಿಲ್ಲ, ಮ್ಯಾಲಿಂದಷ್ಟೇ ಉಬ್ಬಸ್ತದ. ಕಿವಿಗೆ ಮಾತ್ರ ಕೊಂದಂಗೇ ಕೇಳ್ತದ.

ಎರಡು ಕವಲು ಕೂಡ್ಸೋದಕ್ಕ ಬಾಸ್ ಕಂಪನಿಯ ಎಲ್‌ಎಸ್-2 ಪೆಡಲ್ ಸೆಕೆಂಡ್ ಹ್ಯಾಂಡ್ ಹುಡುಕು. ಬಫರ್ ಅದರೊಳಗೇ ಅದ. ಎ ಪ್ಲಸ್ ಬಿ ಮಿಕ್ಸ್–ಬೈಪಾಸ್ ಅಂತ ಒಂದು ಮೋಡ್ ಅದ. ಕಾಲಲ್ಲಿ ಒತ್ತಿದ್ರ ಎರಡೂ ದನಿ, ಮತ್ತೊಮ್ಮೆ ಒತ್ತಿದ್ರ ಬರೀ ಕ್ಲೀನ್. ನಿನ್ನ ಆರ್ಕೆಸ್ಟ್ರಾನೂ ಆಯ್ತು, ಮೆಟಲ್ಲೂ ಆಯ್ತು.

ಗಂಗಾವತಿ ಬಾಸಕ್ಕ

ಮಾಮಾ, ಕೆಲವ್ರು ಕ್ಲೀನ್ ಕವಲಿಗೂ ಲೋ ಪಾಸ್ ಹಾಕ್ತಾರಲ್ರಿ, ಕೆಳಗಿಂದು ಅಷ್ಟೇ ಬರ್ಲಿ ಅಂತ?

ಬೆಸುಗೆ ಮಾಮ

ಹಾಕಬಹುದಮ್ಮಾ. ಗಿಟಾರ್ ಎರಡಿದ್ದ ಬ್ಯಾಂಡಿಗೆ ಅದು ಚಂದ, ಗಟ್ಟಿ ಕೂಡ್ತದ. ಇವನ ಬ್ಯಾಂಡಿನಾಗ ಒಂದೇ ಗಿಟಾರ್, ನಡುವಿನ ದನಿ ಕಡಿಮಿ ಬೀಳ್ತದ. ಕ್ಲೀನ್ ಕವಲಿನ ನಡು ಕತ್ತರಿಸಿದ್ರ ಇಬ್ಬರು ಬ್ಯಾರೆ ಬ್ಯಾರೆ ನುಡಿಸಿದಂಗ ಆಗ್ತದ.

ಗಂಗಾವತಿ ಬಾಸಕ್ಕ

ನಾನೂ ಅದನ್ನ ಹೇಳಾಕ ಬಂದಿದ್ದೆ. ನೀವು ಒಪ್ಪಂಗಿಲ್ಲ ಅಂತ ಜಗಳಕ್ಕ ತಯಾರಾಗಿದ್ದೆ. ಇರ್ಲಿ ಬಿಡ್ರಿ.

ಶಿಫ್ಟ್ ಬಿ

ನಮ್ಮ ಕಡೆ ಇನ್ನೊಂದು ಸಮಸ್ಯೆ. ಸಂಡೂರಿನ ಅದಿರು ಧೂಳು ಪಿಕಪ್ ಮ್ಯಾಗ್ನೆಟ್‌ಗೆ ಅಂಟಿಕೊಂಡು ದನಿ ಹಾಳಾಗುತ್ತೆ ಅಂತ ಒಬ್ಬರು ಹೇಳಿದ್ರು. ನಿಜಾನಾ?

ಬೆಸುಗೆ ಮಾಮ

ಸಂಡೂರು-ಹೊಸಪೇಟೆ ಕಡಿ ಅದಿರು ಹೆಮಟೈಟ್. ಅದು ಮ್ಯಾಗ್ನೆಟ್‌ಗೆ ಓಡಿ ಬಂದು ಅಂಟೋ ಜಾತಿ ಅಲ್ಲ. ಕುದುರೆಮುಖದ್ದು ಮ್ಯಾಗ್ನಟೈಟ್, ಅದಾದ್ರ ಬ್ಯಾರೆ ಮಾತು. ನಿಮ್ಮ ಪಿಕಪ್ ಮ್ಯಾಲ ಮೀಸಿ ಬಂದಂಗ ನಿಂತದ್ದು ಬಹುಶಃ ಉಜ್ಜಿ ಉದುರಿದ ಉಕ್ಕಿನ ಪುಡಿ. ಧೂಳು ನಿಜವಾಗಿ ಹಾಳು ಮಾಡೋದು ಪಾಟ್ (ಗುಂಡಿ ಕೆಳಗಿನ ರೆಸಿಸ್ಟರ್), ಜ್ಯಾಕ್ ಇವನ್ನ. ತಿರುವಿದಾಗ ಕರಕರ ಅಂದ್ರ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಇಪ್ಪತ್ತು ಸಲ ತಿರುವು. ಕೊಬ್ಬರಿ ಎಣ್ಣಿ ಹಾಕಬ್ಯಾಡ್ರಿ. ನಗಬ್ಯಾಡ್ರಿ, ಹಾಕಿ ತಂದವರದಾರ.

ನಾಲ್ಕುತಂತಿ (ಎರಡು ವಾರ ಬಿಟ್ಟು)

ಎಲ್‌ಎಸ್-2 ಸಿಕ್ತು, ಸೆಕೆಂಡ್ ಹ್ಯಾಂಡ್. ಬಣ್ಣ ಹೋಗಿದೆ, ಕೆಲಸ ಮಾಡ್ತೈತೆ. ಎ ಲೂಪ್‌ನಾಗೆ, ಅಂದ್ರೆ ಕ್ಲೀನ್ ಕವಲಿನಾಗೆ, ಸೆಂಡ್‌ನಿಂದ ರಿಟರ್ನ್‌ಗೆ ಒಂದು ಗೇಣು ವೈರ್ ಹಾಕಿದೆ, ಬಿ ಲೂಪ್‌ಗೆ ಮಾಮನ ಫಿಲ್ಟರ್, ಪೆಡಲ್, ಇನ್ನೊಂದು ಫಿಲ್ಟರ್. ಫಿಲ್ಟರ್‌ಗಳನ್ನ ಸಣ್ಣ ತಗಡಿನ ಡಬ್ಬಿಯಾಗೆ ನಾನೇ ಬೆಸುಗೆ ಹಾಕಿದೆ, ಎರಡು ಬೆರಳು ಸುಟ್ಕೊಂಡೆ.

ಸಮಸ್ಯೆ ಏನಂದ್ರೆ, ಎ ಲೂಪ್ ಒಂದೇ ಕೇಳಿದ್ರೆ ದುಂಡಗೈತೆ. ಬಿ ಒಂದೇ ಕೇಳಿದ್ರೆ ಚೂಪಾಗೈತೆ. ಎರಡೂ ಕೂಡಿಸಿದ್ರೆ ಎರಡಕ್ಕಿಂತ ತೆಳ್ಳಗೆ! ಬಾಸಿನ ಎ ತಂತಿಯ ಮೇಲಿನ ಫ್ರೆಟ್‌ಗಳಾಗೆ ಒಂದೊಂದು ಸ್ವರ ನುಂಗಿ ಹೋದಂಗೆ ಐತೆ. ಒಂದು ಪ್ಲಸ್ ಒಂದು ಅರ್ಧ ಆಗಿದ್ದು ಹೆಂಗೆ?

ಬೆಸುಗೆ ಮಾಮ

ಪೋಲಾರಿಟಿ. ನಿನ್ನ ಪೆಡಲ್ ಅಲೆಯನ್ನ ತಲೆಕೆಳಗ ಮಾಡಿ ಕಳಸ್ತದ. ಕ್ಲೀನ್ ದನಿ ಸ್ಪೀಕರ್‌ನ್ನ ಮುಂದಕ್ಕ ತಳ್ಳು ಅಂದ್ರ, ಅದು ಹಿಂದಕ್ಕ ಜಗ್ಗು ಅಂತದ.

ಪರೀಕ್ಷೆ ಹಿಂಗ ಮಾಡು. ಫಿಲ್ಟರ್ ಎರಡೂ ಬಿಚ್ಚು. ಪೆಡಲಿನ ಗೇನ್ ಪೂರ್ತಿ ಕೆಳಗ ಇಳಿಸು, ಎರಡೂ ಕವಲಿನ ಸದ್ದು ಕಿವಿಗೆ ಸಮ ಮಾಡು. ಆಮ್ಯಾಲ ಒಟ್ಟಿಗೆ ಬಿಡು. ಸದ್ದು ಏರಿದ್ರ ನೇರ ಅದ, ಕುಸಿದ್ರ ತಲೆಕೆಳಗ. ಫಿಲ್ಟರ್ ಬಿಚ್ಚು ಅಂದಿದ್ದು ಯಾಕಂದ್ರ ಅವೂ ಫೇಸ್ (ಅಲೆ ಏರಿ ಇಳಿಯೋ ಹೊತ್ತು) ಸ್ವಲ್ಪ ಸರಸ್ತಾವ, 340ರ ಹತ್ರ 45 ಡಿಗ್ರಿ. ಅದು ಇದ್ದದ್ದೇ, ಅದರಿಂದ ಇಷ್ಟು ತೆಳ್ಳಗ ಆಗಂಗಿಲ್ಲ.

ನಾಲ್ಕುತಂತಿ

ಕುಸೀತು ಮಾಮಾ. ಹೆಚ್ಚುಕಮ್ಮಿ ಮೂಕ ಆಯ್ತು.

ಬೆಸುಗೆ ಮಾಮ

ಹಂಗಾದ್ರ ಔಷಧ ಸಸ್ತಾ. ಟಿಎಲ್072 ಅನ್ನೋ ಎಂಟು ಕಾಲಿನ ಐಸಿ. ಒಳಗ ಎರಡು ಆಪ್‌ಆಂಪ್ ಇರ್ತಾವ. ಮೊದಲನೇದು ಬಫರ್: 0.1 ಮೈಕ್ರೋ ಇನ್‌ಪುಟ್ ಕೆಪಾಸಿಟರ್, 1 ಮೆಗಾಓಮ್ ಬಯಾಸಿಗೆ. ಎರಡನೇದು ಇನ್ವರ್ಟರ್: 10ಕೆ ಒಳಗ, 10ಕೆ ಫೀಡ್‌ಬ್ಯಾಕ್, ಗೇನ್ ಒಂದೇ, ಗುರುತು ಮಾತ್ರ ಉಲ್ಟಾ. 9 ವೋಲ್ಟ್‌ನ್ನ ಎರಡು 10ಕೆಯಿಂದ ಅರ್ಧ ಮಾಡಿ 4.5 ಬಯಾಸ್ ಕೊಡು, ಅದಕ್ಕ ಒಂದು 47 ಮೈಕ್ರೋ ಕೆಪಾಸಿಟರ್ ಆಸರಿ. ಔಟ್‌ಪುಟ್ಟಿಗೂ ಒಂದು ಕೆಪಾಸಿಟರ್ ಮರೀಬ್ಯಾಡ, ಇಲ್ಲಂದ್ರ ಆ 4.5 ವೋಲ್ಟ್ ಮುಂದಿನ ಪೆಡಲ್‌ಗೆ ನುಗ್ಗತದ. ಇದನ್ನ ಬಿ ಕವಲಿನ ಕೊನಿಗೆ ಹಾಕು.

ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದ ಪ್ರಯೋಗದ ಹಲಗಿ) ಮ್ಯಾಲ ಕಟ್ಟಿದ್ದೊಂದು ನನ್ನ ಹತ್ರ ಅದ. ಬಳ್ಳಾರಿ ಬಸ್ಸಿಗೆ ಕೊಡ್ತೀನಿ, ನೋಡಿ ನಿಂದು ಕಟ್ಟಿಕೊಂಡು ವಾಪಸ್ ಕಳಸು.

ಗವಿಮಠ ಡ್ರಮ್ಸ್

ಮಾಮಾ, ನಮ್ಮ ಗಿಟಾರಿಸ್ಟ್ ಮತ್ತ ಗಾಯಕ ಒಟ್ಟಿಗೆ ಇದ್ರ ತೆಳ್ಳಗ ಆಗ್ತಾರ. ಅದಕ್ಕೂ ಐಸಿ ಅದ ಏನ್ರಿ?

ನಾಲ್ಕುತಂತಿ

ಐಸಿ ಹಾಕಿದೆ. ಅಣ್ಣಾ ಅಕ್ಕಾ ಮಾಮಾ, ಗೋಡೆ ನಡುಗ್ತು. ಪಕ್ಕದ ಮನೆ ಅಜ್ಜಿ ಬಂದು "ಬೋರ್‌ವೆಲ್ ಹಾಕಿಸ್ತಿದೀರೇನಪ್ಪಾ" ಅಂದ್ರು.

ಆದ್ರೆ ಇನ್ನೊಂದು ಐತೆ. ರಿಹರ್ಸಲ್‌ನಾಗೆ ಕೋರಸ್ ಹಾಡೋಕೆ ಮೈಕ್‌ಗೆ ಬಾಯಿ ಇಟ್ರೆ ತುಟಿಗೆ ಜುಮ್ ಅಂತ ಶಾಕ್. ಜೊತೆಗೆ ಸಣ್ಣಗೆ ಗುಂಯ್ ಅನ್ನೋ ಹಮ್. ಆಂಪಿನ ಮೂರನೇ ಪಿನ್ ಮುರಿದ್ರೆ ಎರಡೂ ಹೋಗುತ್ತೆ ಅಂತ ಒಬ್ರು ಹೇಳಿದ್ರು. ಮುರೀಲಾ?

ಬೆಸುಗೆ ಮಾಮ

ಮುಟ್ಟಬ್ಯಾಡ!! ಹೇಳಿದವರ ಮನಿ ಹಾಳಾಗ. ಆ ಪಿನ್ ಅರ್ಥಿಂಗು. ಅದನ್ನ ಮುರಿದ್ರ ಹಮ್ ಹೋಗಬಹುದು, ಒಂದಿನ ನೀನೂ ಹೋಗ್ತಿ.

ತಂತಿ ಮತ್ತ ಮೈಕಿನ ಜಾಳಿಗಿ ನಡುವ ಮಲ್ಟಿಮೀಟರ್ ಎಸಿ ವೋಲ್ಟ್‌ನಾಗ ಇಟ್ಟು ನೋಡು. ಮುಟ್ಟದಂಗ, ಬರೀ ಕಡ್ಡಿ ತಾಗಿಸು.

ನಾಲ್ಕುತಂತಿ

90 ವೋಲ್ಟ್ ತೋರಿಸ್ತು. ಕೈ ತಣ್ಣಗಾಯ್ತು.

ಬೆಸುಗೆ ಮಾಮ

ಎಕ್ಸ್‌ಟೆನ್ಷನ್ ಬೋರ್ಡ್ ಬಿಚ್ಚಿ ನೋಡು. ಮೂರು ತೂತು ಇರ್ತಾವ, ಒಳಗ ಎರಡೇ ವೈರ್ ಇರ್ತಾವ. ಅರ್ಥ್ ಇಲ್ಲಂದ್ರ ಮಿಕ್ಸರ್ ಅಡಾಪ್ಟರ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಅದರ ಮೈಗೆ 230ರ ಅರ್ಧದ ಹತ್ರ ವೋಲ್ಟ್ ತೂಗಿ ಹಾಕ್ತಾವ. ಬರೀ ಅದೇ ಆದ್ರ ಜುಮ್ ಅಂತದ ಅಷ್ಟ. ಒಳಗ ಯಾವುದಾದ್ರೂ ನಿಜವಾಗ್ಲೂ ಲೀಕ್ ಆಗಿದ್ರ ಜೀವ ತಗೀತದ. ಎರಡೂ ಹೊರಗಿನಿಂದ ಒಂದೇ ಥರ ಕಾಣ್ತಾವ. ಅದಕ್ಕ ಇವತ್ತು ಮೈಕ್ ಮುಟ್ಟಬ್ಯಾಡ. ವೈರಿಂಗ್‌ನವರನ್ನ ಕರಿಸಿ ಅರ್ಥಿಂಗ್ ಮಾಡಸು, 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ತಾನೇ ಕಟ್ ಮಾಡೋ ಸ್ವಿಚ್) ಹಾಕಸು.

ಸೌಂಡಣ್ಣ

ಪೆಂಡಾಲ್‌ನಾಗೂ ಇದೇ ಕಥೆ. ಜನರೇಟರ್‌ಗೆ ಅರ್ಥ್ ರಾಡ್ ಹೊಡೆದಿದಾರಾ ಕೇಳ್ರಿ, ನಾಚ್ಕೋಬೇಡ್ರಿ. ಬಾಸ್, ಗಿಟಾರ್, ಮಿಕ್ಸರ್ ಎಲ್ಲಾ ಒಂದೇ ಬೋರ್ಡ್‌ನಿಂದ ಕರೆಂಟ್ ತಗೊಂಡ್ರೆ ಅರ್ಧ ಹಮ್ ಅಲ್ಲೇ ಹೋಗ್ತೈತೆ. ಉಳಿದಿದ್ದಕ್ಕೆ ಡಿಐ ಬಾಕ್ಸ್‌ನಾಗೆ ಗ್ರೌಂಡ್ ಲಿಫ್ಟ್ ಸ್ವಿಚ್. ಅದು ಸಿಗ್ನಲ್ ವೈರಿನ ನೆಲ ಮಾತ್ರ ಬಿಡಿಸ್ತೈತೆ, ಕರೆಂಟಿನ ಅರ್ಥ್ ಹಂಗೇ ಇರ್ತೈತೆ. ಪಿನ್ ಮುರಿಯೋರಿಗೆ ಈ ಸ್ವಿಚ್ ಕಣ್ಣಿಗೆ ಬೀಳಲ್ಲ, ಏನೋ ಗ್ರಹಚಾರ.

ಶಿಫ್ಟ್ ಬಿ

ಪೆಡಲ್ ಪವರ್ ಹೆಂಗೆ ಕೊಡ್ತಿದೀರಾ? ಒಂದೇ ಅಡಾಪ್ಟರ್‌ನಿಂದ ಸರಪಳಿ ಹಾಕಿದ್ರೆ ಡಿಸ್ಟಾರ್ಷನ್ ಒತ್ತಿದಾಗ ಕೀಂಯ್ ಅನ್ನುತ್ತೆ. ಐಸೊಲೇಟೆಡ್ ಪವರ್ ಸಪ್ಲೈ (ಪ್ರತಿ ಪೆಡಲ್‌ಗೂ ಬೇರೆ ಬೇರೆ ಔಟ್‌ಪುಟ್ ಇರೋದು) ತಗೊಳ್ಳಿ. 9 ವೋಲ್ಟ್, ನಡುವಿನ ತೂತು ಮೈನಸ್ ಇದೆಯಾ ನೋಡ್ಕೊಳ್ಳಿ. ಇದರಲ್ಲಿ ದುಡ್ಡು ಉಳಿಸಬೇಡಿ.

ಬೆಸುಗೆ ಮಾಮ

ಇದಕ್ಕ ಶಿಫ್ಟ್ ಬಿಗೆ ನನ್ನ ಪೂರ್ತಿ ಓಟು. ಮತ್ತ ಒಂದು ತಮಾಷಿ ಹೇಳ್ತೀನಿ: ಇ ತಂತಿ ಮೂರನೇ ಫ್ರೆಟ್ 49 ಹರ್ಟ್ಸ್, ನಮ್ಮ ಕರೆಂಟಿನ ಹಮ್ 50. ಹಮ್ ಇದ್ದಾಗ ಆ ಸ್ವರ ಹಿಡಿದ್ರ ಊಂ... ಊಂ... ಅಂತ ಸೆಕೆಂಡಿಗೊಂದು ಸಲ ತೇಲ್ತದ. ಹಳಬರು ನಾವು ಅದರಾಗೇ ಟ್ಯೂನಿಂಗ್ ನೋಡ್ತಿದ್ವಿ.

ನಾಲ್ಕುತಂತಿ (ಗಣೇಶನ ಹಬ್ಬ ಮುಗಿದ ಮೇಲೆ)

ವರದಿ ಒಪ್ಪಿಸ್ತೀನಿ.

ಪೆಂಡಾಲ್‌ನಾಗೆ ಎರಡು ದಿನ ಆರ್ಕೆಸ್ಟ್ರಾ, ಮೂರನೇ ದಿನ ನಮ್ಮ ಬ್ಯಾಂಡ್‌ಗೆ ಮುಕ್ಕಾಲು ಗಂಟೆ ಕೊಟ್ರು. ಕೊನೆಗೆ ಆದ ರಿಗ್: ಬಾಸ್, ಟ್ಯೂನರ್, ಎಲ್‌ಎಸ್-2, ಬಿ ಕವಲಿನಾಗೆ ಫಿಲ್ಟರ್, ಅದೇ ಹಳೇ ಗಿಟಾರ್ ಪೆಡಲ್, ಫಿಲ್ಟರ್, ಮಾಮನ ಐಸಿ. ಎರಡೂ ಕೂಡಿದ ಮೇಲೆ ಒಂದು ಕಂಪ್ರೆಸರ್, ಆಮೇಲೆ ಡಿಐ. ಪ್ಲೈವುಡ್ ಹಲಗೆ ಮೇಲೆ ಎಲ್ಲಾ ಅಂಟಿಸಿ, ಯೂನಿಟ್‌ನಾಗೆ ಉಳಿದ ಜೀನ್ಸ್ ತುಂಡಿನಿಂದ ಚೀಲ ಹೊಲಿಸಿದೆ. ಹಿಂದೆ ಜೇಬೂ ಐತೆ, ವೈರ್ ಇಡೋಕೆ. ಐಸೊಲೇಟೆಡ್ ಸಪ್ಲೈ, ಡಿಐ ಎಲ್ಲಾ ಸೇರಿ 25 ದಾಟಲಿಲ್ಲ. ಆಂಪ್ ತಗೊಳ್ಳಲೇ ಇಲ್ಲ.

ಮೊದ್ಲು ಒಂದು ತಪ್ಪು ಮಾಡಿದೆ. ಮನೇಲಿ ಚೆನ್ನಾಗಿ ಕೇಳಿದ ಡಿಸ್ಟಾರ್ಷನ್ ಮಟ್ಟ ಪೆಂಡಾಲ್‌ನಾಗೆ ವಿಪರೀತ ಆಯ್ತು. ಸೌಂಡ್ ಚೆಕ್‌ನಾಗೆ ದೂರ ನಿಂತು ಕೇಳಿದಾಗ ತಿಳೀತು. ಬಿ ಲೆವೆಲ್ ಅರ್ಧಕ್ಕೆ ಇಳಿಸಿದೆ. ಸ್ಟೇಜ್ ಮೇಲೆ ನನಗೆ ಡಿಸ್ಟಾರ್ಷನ್ ಕಮ್ಮಿ ಅನ್ನಿಸ್ತಿತ್ತು, ಕೆಳಗಿದ್ದೋರಿಗೆ ಸರಿಯಾಗಿತ್ತು. ಆ ಜಾಗಕ್ಕೆ ತಂಗಿಯ ನೇಲ್ ಪಾಲಿಶ್‌ನಿಂದ ಚುಕ್ಕೆ ಇಟ್ಟಿದೀನಿ. ಇನ್ನೊಂದು, ಮಿಕ್ಸರ್‌ನಾಗೆ 40 ಹರ್ಟ್ಸ್ ಕೆಳಗಿಂದು ಕತ್ತರಿಸಿ ಅಂತ ನಾನೇ ಕೇಳ್ದೆ. ಮೈಕ್ ಸೆಟ್‌ನವರು ನನ್ನ ಮುಖ ನೋಡಿ "ಬಾಸ್‌ನವ್ನೇ ಬಾಸ್ ಕಮ್ಮಿ ಮಾಡಿ ಅಂತಿದಾನೆ" ಅಂತ ಚಾ ತರಿಸಿಕೊಟ್ರು.

ಗಿಟಾರ್ ಸೋಲೋಗೆ ಹೋದಾಗ ಒತ್ತಿದೆ. ಹಿಂದೆ ಖಾಲಿ ಆಗಲಿಲ್ಲ.

ಗಂಗಾವತಿ ಬಾಸಕ್ಕ

ಆರ್ಕೆಸ್ಟ್ರಾದಾಗ ತಪ್ಪಿ ಕಾಲು ಬಿತ್ತೇನು ಪೆಡಲ್ ಮ್ಯಾಲ?

ನಾಲ್ಕುತಂತಿ

ಒಂದು ಸಲ ಅಕ್ಕಾ. ಡ್ಯುಯೆಟ್ ಹಾಡಿನ ಪಲ್ಲವಿಗೆ. ಗಾಯಕಿ ತಿರುಗಿ ನೋಡಿದ ನೋಟಕ್ಕೆ ಗೇನ್ ತಾನೇ ಇಳೀತು.

ಗವಿಮಠ ಡ್ರಮ್ಸ್

ನಮ್ಮ ಬಾಸಿಸ್ಟಿಗೂ ಇದನ್ನೇ ಕಟ್ಟಸ್ತೀನಿ. ಫಿಲ್ಟರ್ ಡಬ್ಬಿ ಒಳಗಿಂದು ಒಂದು ಫೋಟೋ ಹಾಕ್ರಿ.

ಬೆಸುಗೆ ಮಾಮ

ಫೋಟೋ ಆಮ್ಯಾಲ. ನನ್ನ ಬ್ರೆಡ್‌ಬೋರ್ಡ್ ಎಲ್ಲಿ?

ನಾಲ್ಕುತಂತಿ

ನಾಳೆ ಬೆಳಗಿನ ರಾಯಚೂರು ಬಸ್ಸಿಗೆ ಮಾಮಾ. ಜೀನ್ಸ್ ಚೀಲದಾಗೆ ಹಾಕಿ ಕಳಿಸ್ತೀನಿ, ಚೀಲ ನೀವೇ ಇಟ್ಕೊಳ್ಳಿ.